ಮೂವತ್ತು ಎಂದು ಬಾಯಿಬಿಟ್ಟು ಹೇಳಿದ್ದು

ನಮ್ಮಪ್ಪ ದನದ ದಲ್ಲಾಳಿ. ಅಜ್ಜಂಪುರ, ಕಡೂರು, ಎಮ್ಮೆದೊಡ್ಡಿ ಕಡೆ ಜೋಡೆತ್ತು ಕೈ ಬದಲಾಯಿಸಿದರೆ ನಡುವೆ ನಮ್ಮಪ್ಪನ ಹೆಗಲ ಟವೆಲ್ಲು ಇರಲೇಬೇಕಿತ್ತು. ಮಾರುವವನ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದು ಬೆರಳು ಒತ್ತಿ ಬೆಲೆ ತಿಳಿಸುವುದು, ಆಮೇಲೆ ಕೊಳ್ಳುವವನ ಕೈ ಹಿಡಿದು ಒತ್ತುವುದು. ಎಷ್ಟಕ್ಕೆ ಕುದುರಿತು ಎಂದು ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುತ್ತಿರಲಿಲ್ಲ. ಈ ಅಭ್ಯಾಸ ಮನೆಯೊಳಗೂ ಬಂದಿತ್ತು. ಸೀರೆಗೆ ಎಷ್ಟು ಕೊಟ್ಟೆ ಅಂತ ಯಾರಾದರೂ ಕೇಳಿದರೆ ಅಮ್ಮ ಕಾಫಿ ಕುಡಿಯಿರಿ ಅನ್ನುತ್ತಿದ್ದಳು. ಹಾಗೆ ಬೆಳೆದವಳು ನಾನು. ಊಟ, ನಿದ್ದೆ, ಗಂಡನ ಮೇಲಿನ ಸಿಟ್ಟು ಎಲ್ಲವನ್ನೂ ಊರಿಗೇ ಕೇಳುವಂತೆ ಹೇಳಿಯೇನು, ರೇಟು ಮಾತ್ರ ಹೇಳುತ್ತಿರಲಿಲ್ಲ.

ನನ್ನ ಕೆಲಸ ಆನ್‌ಲೈನ್‌ನದು. ಎಲ್ಲೆಲ್ಲೋ ರೆಕಾರ್ಡ್ ಮಾಡಿದ ಕನ್ನಡದ ಮಾತನ್ನು ಕೇಳಿಸಿಕೊಂಡು ಅಕ್ಷರಕ್ಕೆ ಇಳಿಸುವುದು. ಕೇಳಲಿಕ್ಕೆ ಸುಲಭ. ಬಸ್ಸಿನ ಹಾರ್ನು, ಕೋಳಿ, ಮಿಕ್ಸಿ ಎಲ್ಲದರ ಮಧ್ಯೆ ಒಬ್ಬ ಅಜ್ಜಿ ಎಲೆ ಅಡಿಕೆ ಜಗಿಯುತ್ತಾ ಮಾತಾಡಿದ್ದನ್ನು ಒಂದಕ್ಷರ ಬಿಡದೆ ಬರೆದು ನೋಡಿ, ಆಗ ತಿಳಿಯುತ್ತದೆ. ನನಗೆ ಅದು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ನನ್ನಷ್ಟೇ ಚೆನ್ನಾಗಿ ಬರುವ ಇನ್ನೊಬ್ಬಳು ತರೀಕೆರೆಯ ಗೆಳತಿ. ಕಡೂರಿನ ಕಾಲೇಜಿನಲ್ಲಿ ಒಂದೇ ಬೆಂಚು. ಮದುವೆಯಾದ ಮೇಲೆ ಖಾಸಗಿ ಸ್ಕೂಲಿನಲ್ಲಿ ಪಾಠ ಮಾಡಿ ಗಂಟಲು ಕೆಡಿಸಿಕೊಂಡಿದ್ದಳು. ನಾನೇ ಈ ಕೆಲಸಕ್ಕೆ ಸೇರಿಸಿದೆ. ಇಬ್ಬರಿಗೂ ಕೆಲಸ ಹಂಚುವವನು ಒಬ್ಬನೇ ಕೋಆರ್ಡಿನೇಟರ್. ನಾವು ಅವನ ಮುಖ ನೋಡಿದ್ದು ಫೋನಿನಲ್ಲಿ ಮಾತ್ರ. ಸೇರುವಾಗ ಅವನು ಇಬ್ಬರಿಗೂ ಒಂದೇ ಮಾತು ಹೇಳಿದ್ದ, ರೇಟನ್ನು ಯಾರ ಹತ್ತಿರವೂ ಮಾತಾಡಬಾರದು ಅಂತ. ನನಗದು ವಿಚಿತ್ರ ಅನ್ನಿಸಲೇ ಇಲ್ಲ. ನಮ್ಮ ಮನೆಯ ರೀತಿಯೇ ಅದಾಗಿತ್ತಲ್ಲ.

ಕಳೆದ ಚಳಿಗಾಲದಲ್ಲಿ ಗೆಳತಿ ಫೋನಿನಲ್ಲಿ ಅತ್ತಳು. ಅವಳ ಮಾವನದು ಗೊಬ್ಬರದ ಅಂಗಡಿ. ಇಡೀ ದಿನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತರೂ ಕೈಗೆ ಏನೂ ಹತ್ತುವುದಿಲ್ಲ, ಯುಗಾದಿ ಆದಮೇಲೆ ಲ್ಯಾಪ್‌ಟಾಪ್ ಮುಚ್ಚಿಟ್ಟು ಅಂಗಡಿಯಲ್ಲಿ ಬಿಲ್ ಹಾಕಮ್ಮ ಎಂದಿದ್ದರಂತೆ. ಅವರು ಕೆಟ್ಟವರಲ್ಲ, ಲೆಕ್ಕ ಬಲ್ಲವರು. ಆದರೆ ಇವಳಿಗೆ ಯೂರಿಯಾ ಮೂಟೆಗಳ ಮಧ್ಯೆ ಕೂರುವುದು ಬೇಡವಾಗಿತ್ತು. ನನ್ನದು ಅಂತ ಇರುವ ಒಂದೇ ಕೆಲಸ ಇದು, ಇದೂ ಹೋದರೆ ನಾನು ಆ ಮನೆಯ ಇನ್ನೊಂದು ಆಳು ಅಷ್ಟೇ ಎಂದಳು. ಕೈಗೆ ಯಾಕೆ ಹತ್ತುವುದಿಲ್ಲ ಎಂದು ನನಗೆ ಅರ್ಥವಾಗಲಿಲ್ಲ. ನನಗೆ ಹತ್ತುತ್ತಿತ್ತು. ಆದರೂ ಎಷ್ಟು ಕೊಡ್ತಾನೆ ಎಂದು ಕೇಳಲು ನಾಲಿಗೆ ಏಳಲಿಲ್ಲ.

ಅದೇ ವಾರ ಕೋಆರ್ಡಿನೇಟರ್ ನನಗೆ ಫೋನ್ ಮಾಡಿದ. ಮೇಡಂ, ನಿಮ್ಮ ತರೀಕೆರೆಯವರು ನಿಮ್ಮ ಅರ್ಧಕ್ಕೆ ಮಾಡಿಕೊಡ್ತಾರೆ, ನೀವೂ ಸ್ವಲ್ಪ ಇಳಿಸಿಕೊಂಡರೆ ಒಳ್ಳೆಯದು ಎಂದ. ಮೈಯೆಲ್ಲಾ ಉರಿದುಹೋಯಿತು. ಅವನ ಮೇಲಲ್ಲ, ಅವಳ ಮೇಲೆ. ಕೈಹಿಡಿದು ಕರೆತಂದವಳ ಅನ್ನಕ್ಕೇ ಕಲ್ಲು ಹಾಕಿದಳಲ್ಲ ಎಂದು ಪಾತ್ರೆ ಕುಕ್ಕಿದೆ, ಬಾಗಿಲು ಬಡಿದೆ. ಅವಳ ಎರಡು ಫೋನು ಬಂದರೂ ಎತ್ತಲಿಲ್ಲ.

ಜಗಲಿಯಲ್ಲಿ ಕೂತಿದ್ದ ಅಪ್ಪನಿಗೆ ಎಲ್ಲ ಕೇಳಿಸಿತ್ತು. ಮಂಡಿನೋವಿಗೆ ವ್ಯಾಪಾರ ಬಿಟ್ಟು ಈಗ ಅಜ್ಜಂಪುರದ ನಮ್ಮ ಮನೆಯಲ್ಲೇ ಇದ್ದಾರೆ. ಕರೆದು ಕೂರಿಸಿಕೊಂಡು, ಅವನು ಹೇಳಿದ್ದು ನಿಜ ಅಂತ ನಿನಗೆ ಹೆಂಗೆ ಗೊತ್ತು ಎಂದು ಕೇಳಿದರು. ಅವನೇ ಹೇಳಿದನಲ್ಲ ಎಂದೆ. ಅಪ್ಪ ನಕ್ಕರು.

"ಟವಲ್ಲು ಕೊಳ್ಳೋನಿಗೂ ಅಲ್ಲ, ಮಾರೋನಿಗೂ ಅಲ್ಲ ಕಣವ್ವ. ಅದು ಇದ್ದಿದ್ದು ನನಗೆ. ಎರಡು ಕಡೆ ಕೈ ಇಟ್ಟಿರೋನು ನಾನೊಬ್ನೇ ಅಲ್ವಾ? ಅವನಿಗೊಂದು ಹೇಳ್ದೆ, ಇವನಿಗೊಂದು ಹೇಳ್ದೆ, ಮಧ್ಯದ್ದು ನಂದು."

ಇಷ್ಟು ವರ್ಷ ಆ ದುಡ್ಡಿನಲ್ಲಿ ಓದಿದವಳಿಗೆ ಈ ಮಾತು ಹೊಳೆದಿರಲಿಲ್ಲ. ಮರುದಿನ ಬೆಳಗ್ಗೆಯೇ ತರೀಕೆರೆ ಬಸ್ಸು ಹತ್ತಿದೆ.

ಗೆಳತಿ ಅಡುಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಅತ್ತೆ. ನನ್ನನ್ನು ಕಂಡದ್ದೇ ಮುಖ ಊದಿಸಿಕೊಂಡಳು. ಏಕಾಂತಕ್ಕೆ ಕಾದರೆ ಧೈರ್ಯ ಹೋಗುತ್ತದೆ ಎಂದು ನಿಂತಲ್ಲೇ ಹೇಳಿಬಿಟ್ಟೆ, ನನಗೆ ಆಡಿಯೊ ನಿಮಿಷಕ್ಕೆ ಮೂವತ್ತು ರೂಪಾಯಿ ಕೊಡ್ತಾನೆ, ನಿನಗೆಷ್ಟು? ಹೇಳುವಾಗ ನನ್ನ ಕಿವಿ ಬಿಸಿಯಾಗಿತ್ತು. ಎಲ್ಲರೆದುರು ಸೆರಗು ಜಾರಿದಷ್ಟು ನಾಚಿಕೆಯಾಯಿತು.

ಅವಳು ಕೈಯಲ್ಲಿದ್ದ ಕಾಳನ್ನು ಮೊರಕ್ಕೆ ಹಾಕಿದಳು.

"ನನಗೆ ಹದಿನಾಲ್ಕು ಕಣೇ. ಅಜ್ಜಂಪುರದೋರು ಹನ್ನೆರಡಕ್ಕೆ ಮಾಡ್ತಾರೆ, ನಿಮಗೆ ಎರಡು ಜಾಸ್ತಿ ಕೊಟ್ಟಿದ್ದೀನಿ, ಅವರಿಗೆ ಹೇಳ್ಬೇಡಿ ಅಂದಿದ್ದ. ನಿನಗೆ ಬೇಜಾರಾಗುತ್ತೆ ಅಂತ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ."

ನನಗೆ ಬೇಜಾರಾಗುತ್ತದಂತೆ! ನಾನು ಅವಳನ್ನು ಬೈದುಕೊಂಡು ಪಾತ್ರೆ ಕುಕ್ಕಿದ್ದೆ, ಅವಳು ನನ್ನ ಮನಸ್ಸು ನೋಯದಿರಲೆಂದು ಬಾಯಿಬಿಡದೆ ಅರ್ಧ ಕೂಲಿಗೆ ದುಡಿಯುತ್ತಿದ್ದಳು. ತಬ್ಬಿಕೊಂಡೆ. ಸೊಸೆ ಅಳುವುದನ್ನು ನೋಡಿ ಅವಳ ಅತ್ತೆ ಅವರೆಕಾಳಿನ ಮೊರವನ್ನು ತಮ್ಮ ಕಡೆ ಎಳೆದುಕೊಂಡರು. ಹೋಗ್ರವ್ವ, ಮೊದಲು ಅವನನ್ನ ವಿಚಾರಿಸಿಕೊಳ್ಳಿ ಎಂದರು.

ಮಧ್ಯಾಹ್ನ ವೀಡಿಯೊ ಕರೆಗೆ ಬಂದವನಿಗೆ ಒಂದೇ ಪರದೆಯಲ್ಲಿ ಎರಡು ಮುಖ ಕಂಡವು. ಇವಳಿಗೆ ಹದಿನಾಲ್ಕು, ನನಗೆ ಮೂವತ್ತು, ಕೆಲಸ ಒಂದೇ, ಕಾರಣ ಹೇಳಿ ಎಂದೆ. ನಿಯಮ ಮುರಿದಿದ್ದೀರಿ, ಮೇಲಿನವರಿಗೆ ತಿಳಿಸಬೇಕಾಗುತ್ತದೆ ಎಂದು ದನಿ ಏರಿಸಿದ. ತಿಳಿಸಿ, ಇಬ್ಬರ ರೇಟನ್ನೂ ಸೇರಿಸಿ ತಿಳಿಸಿ ಎಂದೆ. ಗೆಳತಿ, ಮೂವತ್ತಕ್ಕೆ ಕಮ್ಮಿ ನಾನು ಇನ್ನು ಕೈ ಹಾಕಲ್ಲ ಸರ್ ಎಂದಳು. ಕರೆ ಕಡಿದುಹೋಯಿತು.

ಕೆಲಸವೂ ನಿಂತಿತು, ಇಬ್ಬರಿಗೂ. ನಾನು ಹೆದರಲಿಲ್ಲ. ಅವನಿಗೆ ನಮ್ಮ ಕಡೆಯ ಮಾತು ತಿಳಿಯುವ ಕಿವಿ ಬೇರೆಲ್ಲೂ ಸಿಕ್ಕುವುದಿಲ್ಲವೆಂದು ಗೊತ್ತಿತ್ತು. ಆದರೆ ಯುಗಾದಿ ಹತ್ತಿರವಾಗುತ್ತಿತ್ತು, ಗೆಳತಿಯ ಮಾವ ಅಂಗಡಿಯ ಕಂಪ್ಯೂಟರಿಗೆ ಹೊಸ ಕುರ್ಚಿಯನ್ನೂ ತರಿಸಿದ್ದರು. ಅವಳ ದನಿ ದಿನದಿನಕ್ಕೆ ಇಳಿಯುತ್ತಿತ್ತು. ಆ ಕುರ್ಚಿಯ ಸುದ್ದಿ ಕೇಳಿದ ದಿನ ಮಾತ್ರ ನನಗೆ ಊಟ ಸೇರಲಿಲ್ಲ.

ಹಬ್ಬಕ್ಕೆ ಇನ್ನೇನು ಒಂದು ವಾರವಿತ್ತು, ಅವಳ ಫೋನು ಬಂತು. ಹಲೋ ಇಲ್ಲ, ಊಟ ಆಯ್ತಾ ಇಲ್ಲ.

"ಮೂವತ್ತೆರಡು ಅಂತೆ ಕಣೇ. ನಿನ್ನ ಪಾಲಿನ ಕೆಲಸಾನೂ ನನಗೇ ಅಂತೆ. ನಿನಗೆ ಹೇಳ್ಬಾರ್ದಂತೆ. ಈಗಷ್ಟೇ ಫೋನ್ ಇಟ್ಟ, ನಿನಗೇ ಮೊದ್ಲು ಮಾಡ್ತಿರೋದು."

ನೀನೇನಂದೆ ಎಂದು ಕೇಳಿದೆ. ಇಬ್ಬರಿಗೂ ಮೂವತ್ತೆರಡು, ಇಲ್ಲದಿದ್ದರೆ ಇಬ್ಬರೂ ಇಲ್ಲ ಅಂದೆ, ಇನ್ನೇನು ಅನ್ಲಿ ಎಂದಳು. ಕೆಲಸ ಹೋದರೆ ನನಗಾಗಿ ಅವಳು ಆ ಕುರ್ಚಿಗೇ ಹೋಗಿ ಕೂರಲು ತಯಾರಿದ್ದಳು.

ಅವನು ಎರಡು ದಿನ ಕಾಯಿಸಿ ಒಪ್ಪಿದ. ಹಬ್ಬ ಮುಗಿದ ಮೇಲೆ ಅವಳ ಮಾವ ಅಂಗಡಿಯ ಬಿಲ್ಲಿಗೆ ಬೇರೆ ಯಾರನ್ನೋ ಹುಡುಕಿಕೊಂಡರು.