ಪರಿಚಯದ ಎರಡು ಸಾಲು

ಬೆಳಕು ಹರಿಯುವ ಮುಂಚೆ ಆ ಮನೆಯಲ್ಲಿ ದೊಡ್ಡ ಸೊಸೆಯ ಪಾಲಿನ ಕೆಲಸ ಇಷ್ಟು: ರಾತ್ರಿಯ ಪಾತ್ರೆ ತಿಕ್ಕುವುದು, ನಲ್ಲಿಯಲ್ಲಿ ನೀರು ಬಂದಾಗ ಹಿಡಿದಿಡುವುದು, ಮಾವನಿಗೆ ಬಿಸಿನೀರು ಕಾಯಿಸುವುದು, ಮಕ್ಕಳ ಊಟದ ಡಬ್ಬಿ ತುಂಬುವುದು, ಗಂಡನ ಅಂಗಿಗೆ ಇಸ್ತ್ರಿ ಹಾಕುವುದು, ಅತ್ತೆ ಏಳುವಷ್ಟರಲ್ಲಿ ನೆಲ ಒರೆಸಿ ಮುಗಿಸುವುದು. ಈ ಚಳಿಗಾಲದಲ್ಲಿ ಅವಳು ಇದರಲ್ಲಿ ಒಂದನ್ನೂ ಮಾಡಿರಲಿಲ್ಲ. ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕಥೆ ಬರೆಯುತ್ತಿದ್ದಳು. ಇಬ್ಬರ ಪಾಲನ್ನೂ ಸೇರಿಸಿ ಮಾಡುತ್ತಿದ್ದವಳು ಚಿಕ್ಕ ಸೊಸೆ, ಅವಳ ಓರಗಿತ್ತಿ.

ಇದನ್ನೆಲ್ಲ ಹೂಡಿದವಳೂ ಚಿಕ್ಕವಳೇ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮಧ್ಯಾಹ್ನದ ಹೊತ್ತು ಚೀಟಿ ಬರೆದುಕೊಡುವ ಕೆಲಸ ಅವಳದು. ಅಲ್ಲಿನ ಬೆಂಚಿನ ಮೇಲೆ ಬಿದ್ದಿದ್ದ ಸಾಹಿತ್ಯ ಪತ್ರಿಕೆಗಳನ್ನು ಒಂದು ದಿನ ಚೀಲದಲ್ಲಿ ತುಂಬಿಕೊಂಡು ಬಂದಳು.

"ಡಾಕ್ಟ್ರನ್ನ ಕೇಳೇ ತಂದೆ ಅಕ್ಕ. ಹಲ್ಲುನೋವಲ್ಲಿ ಕವನ ಯಾರು ಓದ್ತಾರೆ? ನೋಡಿ, ಕಥಾ ಸ್ಪರ್ಧೆ ಅಂತೆ. ಬರೆದು ಬರೆದು ಟ್ರಂಕಿಗೆ ಹಾಕ್ತೀರಲ್ಲ, ಕಳಿಸಿ."

ಹಳೆಯ ಸಂಚಿಕೆಗಳಾದ್ದರಿಂದ ಒಂದು ಸ್ಪರ್ಧೆಯ ಕೊನೆಯ ದಿನಾಂಕ ಹಿಂದಿನ ವರ್ಷವೇ ದಾಟಿತ್ತು. ಇನ್ನೊಂದು ಪತ್ರಿಕೆ ನಿಂತೇ ಹೋಗಿತ್ತು. ಮತ್ತೊಂದು, ಕಥೆ ತಲುಪಿತು ಎಂದೂ ಹೇಳಲಿಲ್ಲ. ಚಿಕ್ಕವಳು ಬಿಡುವವಳಲ್ಲ. ಕ್ಲಿನಿಕ್ಕಿಗೆ ಹೊಸ ಸಂಚಿಕೆ ಬಂದ ದಿನವೇ ಪ್ರಕಟಣೆಯ ಫೋಟೊ ತೆಗೆದು ಕಳಿಸಿದಳು: ಗೃಹಿಣಿಯರಿಗಾಗಿ ಕಥಾ ಸ್ಪರ್ಧೆ.

"ಬೆಳಗಿನ ಕೆಲಸ ನನಗೆ ಬಿಡಿ. ನಿಮಗೆ ಸೊಂಟ ನೋವು ಅಂತ ಅತ್ತೆಗೆ ಹೇಳಿದೀನಿ. ಅವರ ಎದುರಿಗೆ ಸ್ವಲ್ಪ ಬಗ್ಗಿ ನಡೀರಿ, ಅಷ್ಟೇ."

ಕಥೆಯ ಜೊತೆ ಎರಡು ಸಾಲಿನ ಪರಿಚಯ ಕೇಳಿದ್ದರು: ಬರೆಯಲು ಬಿಡುವು ಹೇಗೆ ಸಿಗುತ್ತದೆ? ದೊಡ್ಡವಳು ಬರೆದಳು: 'ಮನೆಗೆಲಸವನ್ನೆಲ್ಲ ಒಬ್ಬಳೇ ಮುಗಿಸಿ, ಮನೆಯವರು ಏಳುವ ಮುಂಚೆ ಬರೆಯುತ್ತೇನೆ.' ಓದಲು ಚೆನ್ನಾಗಿತ್ತು. ಬರೆಯುವಾಗ ಅಡುಗೆಮನೆಯಿಂದ ಪಾತ್ರೆಗಳ ಸದ್ದು ಬರುತ್ತಿತ್ತು. ಸದ್ದು ಜಾಸ್ತಿಯಾಯಿತೆಂದು ಎದ್ದು ಚಿಲಕ ಹಾಕಿಕೊಂಡಿದ್ದಳು.

ಪತ್ರಿಕೆಯಿಂದ ಫೋನು ಬಂದಾಗ ಅವಳ ಕೈಯೆಲ್ಲ ಹಿಟ್ಟು. ಚಿಕ್ಕವಳೇ ಸ್ಪೀಕರ್ ಒತ್ತಿ ಹಿಡಿದಳು.

"ನಿಮ್ಮ ಕಥೆಗೆ ಮೊದಲ ಬಹುಮಾನ ಮೇಡಂ," ಎಂದರು ಸಂಪಾದಕರು. "ಅದಕ್ಕಿಂತ ನಿಮ್ಮ ಪರಿಚಯ ನಮಗೆ ತುಂಬಾ ಹಿಡಿಸ್ತು. 'ಮನೆಗೆಲಸವನ್ನೆಲ್ಲ ಒಬ್ಬಳೇ ಮುಗಿಸಿ...' ದಪ್ಪಕ್ಷರದಲ್ಲಿ ಹಾಕ್ತಿದೀವಿ. ಏನಾದ್ರೂ ತಿದ್ದೋದಿದ್ರೆ ಸಂಜೆಯೊಳಗೆ ಹೇಳಿ."

ದೊಡ್ಡವಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಒಬ್ಬಳೇನಾ ಅಕ್ಕ?" ಕರೆ ಮುಗಿದ ಮೇಲೆ ಚಿಕ್ಕವಳು ನಕ್ಕಳು. "ಹಾಗಾದ್ರೆ ನಾನ್ಯಾರು, ದೆವ್ವಾನಾ?"

"ಅದು... ಬರೆಯೋ ಭರದಲ್ಲಿ..."

"ಹಾಗೇ ಇರ್ಲಿ ಬಿಡಿ. ನಿಜ ಅಚ್ಚಾದ್ರೆ ಅತ್ತೆ ನಿಮ್ಮ ಸೊಂಟ ಮುರೀತಾರೆ. ಆಮೇಲೆ ನಟನೆ ಬೇಕಾಗಲ್ಲ."

ನಗು ಅಲ್ಲಿಗೇ ನಿಂತಿತು. ಚಿಕ್ಕವಳು ಫೋನಿಗೆ ತಗುಲಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿ ಕೊಟ್ಟಳು. ಸೋಪಿನ ನೀರಿನಲ್ಲಿ ನೆಂದು ನೆಂದು ಬಿರಿದ ಬೆರಳುಗಳು. ದೊಡ್ಡವಳು ಕಥೆಯ ನಾಯಕಿಗೆ ಕೊಟ್ಟಿದ್ದು ಇವೇ ಬೆರಳುಗಳನ್ನು. ಒಂದೊಂದು ಸೀಳನ್ನೂ ಬಿಡದೆ ವರ್ಣಿಸಿದ್ದಳು. ಒಂದು ದಿನವೂ ಅವಕ್ಕೆ ಮುಲಾಮು ಹಚ್ಚಿರಲಿಲ್ಲ.

ದಿನಾ "ಬರ್ತೀನಿ ಅಕ್ಕ" ಎಂದು ಕೂಗಿ ಹೊರಡುತ್ತಿದ್ದ ಚಿಕ್ಕವಳು ಆ ಮಧ್ಯಾಹ್ನ ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಕ್ಲಿನಿಕ್ಕಿಗೆ ನಡೆದಳು.

ನಡುಮನೆಯಲ್ಲಿ ಅತ್ತೆ ಕಾಳು ಆರಿಸುತ್ತಿದ್ದರು. "ಸೊಂಟ ಹೇಗಿದೆಯೇ? ಪಾಪ, ಚಿಕ್ಕವಳು ಒಬ್ಬಳೇ ಎಷ್ಟು ಅಂತ ಮಾಡ್ತಾಳೆ?"

ಅಭ್ಯಾಸಬಲದಿಂದ ದೊಡ್ಡವಳ ಬೆನ್ನು ಬಾಗಿತು. ಫೋನು ಹಿಡಿದು ಮಹಡಿಗೆ ಹೋಗಬೇಕೆಂದಿದ್ದಳು. ಎರಡು ಮೆಟ್ಟಿಲು ಹತ್ತಿದವಳು ಇಳಿದು ಬಂದಳು. ಬೆನ್ನು ನೆಟ್ಟಗೆ ಮಾಡಿಕೊಂಡು, ಅತ್ತೆಯ ಎದುರಿಗೇ ನಿಂತು ಫೋನು ಮಾಡಿದಳು.

"ಸರ್, ಪರಿಚಯ ತಿದ್ದಬೇಕು. ಬರ್ಕೊಳ್ಳಿ. ಮನೆಗೆಲಸವನ್ನೆಲ್ಲ ನನ್ನ ಓರಗಿತ್ತಿ ಒಬ್ಬಳೇ ಮಾಡಿದಳು. ನನಗೆ ಸೊಂಟ ನೋವು ಇರಲಿಲ್ಲ."

"ಸೊಂಟ ನೋವೂ ಹಾಕ್ಬೇಕಾ ಮೇಡಂ?"

ಕಾಳು ಆರಿಸುತ್ತಿದ್ದ ಕೈ ನಿಂತಿತು.

"ಹಾಕಿ," ಎಂದಳು.