ಅಂಟಿಲ್ಲದ ಕುರ್ಚಿ

ಪಾಲಿಷಮ್ಮನ ಬೆರಳು ನೋಡಿದರೆ ಸಾಕು, ಆ ವಾರ ಅಂಗಡಿಗೆ ಯಾವ ಮರ ಬಂದಿತ್ತೆಂದು ಹೇಳಿಬಿಡಬಹುದಿತ್ತು. ತೇಗವಾದರೆ ಜೇನಿನ ಬಣ್ಣ. ಹೊನ್ನೆಯಾದರೆ ಅರಿಸಿನ ಕಲಸಿದ ಕೈ. ಬೀಟೆ ಬಂತೋ, ಯಾರದೋ ತೋಟಕ್ಕೆ ನುಗ್ಗಿ ನೇರಳೆಹಣ್ಣು ಕದ್ದು ತಿಂದವಳ ಹಾಗೆ ಉಗುರಿನ ಸಂದಿನವರೆಗೂ ನೀಲಿಗೆಂಪು. ಸೋಪಿಗೆಲ್ಲ ಹೋಗುವ ಬಣ್ಣವಲ್ಲ ಅದು. ಅವಳಿಗೂ ಅದು ಹೋಗಬೇಕೆಂಬ ಆಸೆಯೇನೂ ಇರಲಿಲ್ಲ.

ಮನೆಯ ಕೆಳಗೇ ಬಡಗಿ ಅಂಗಡಿ. ಕೊಯ್ಯುವುದು, ಕೆತ್ತುವುದು, ಕೂಡಿಸುವುದು ಎಲ್ಲ ಅವಳ ಗಂಡನ ಅಣ್ಣನ ಕೆಲಸ. ಅವಳ ಬಾಯಲ್ಲಿ ಆತ 'ಭಾವ'. ಮಾಡಿದ ಸಾಮಾನನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಮನೆಮನೆಗೆ ಮುಟ್ಟಿಸುವವನು ಗಂಡ. ನಡುವೆ ಇವಳು. ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿ, ಹತ್ತಿಯ ಉಂಡೆಯನ್ನು ಹಳೇ ಬಟ್ಟೆಯಲ್ಲಿ ಸುತ್ತಿ, ಅದ್ದಿ, ಮರದ ಮೇಲೆ ಸುತ್ತಿ ಸುತ್ತಿ ತಿಕ್ಕುವವಳು. ಮದುವೆಯಾಗಿ ಬಂದ ಹೊಸದರಲ್ಲಿ ಆ ವಾಸನೆಗೆ ತಲೆ ಸುತ್ತಿ ಬಿದ್ದಿದ್ದಳಂತೆ. ಈಗ ಆ ವಾಸನೆಯಿಲ್ಲದ ದಿನ ಅವಳಿಗೆ ಏನೋ ಕಳೆದುಕೊಂಡ ಹಾಗೆ.

ಅವಳಿಗೊಂದು ಚಟವಿತ್ತು. ಮೇಜಿಗೆ ಪಾಲಿಷ್ ಮಾಡು ಎಂದರೆ ಮೇಜಿನ ಹೊಟ್ಟೆಯಡಿಗೂ ಮಾಡುವಳು. ಕಪಾಟಿನ ಬೆನ್ನು, ಡ್ರಾಯರಿನ ಒಳಮೈ, ಕಾಲಿನ ಅಂಗಾಲು, ಯಾವುದನ್ನೂ ಬಿಡುವವಳಲ್ಲ. ಭಾವ ಗೊಣಗುತ್ತಿದ್ದ.

"ಗೋಡೆಗೆ ಆನಿಸೋ ಕಪಾಟಮ್ಮ ಇದು. ಬೆನ್ನು ಯಾರು ನೋಡ್ತಾರೆ?"

"ಜಿರಲೆ ನೋಡುತ್ತಲ್ಲ ಭಾವ," ಎನ್ನುವಳು ತಲೆ ಎತ್ತದೆ. "ಅದೂ ಒಂದು ಜೀವ. ಏನಂದ್ಕೊಳ್ಳುತ್ತೋ ಏನೋ."

ಈ ಚಟವೇ ಮುಂದೆ ಅವಳ ಮಾನ ಕಳೆಯಿತು. ಆಮೇಲೆ ಅದನ್ನು ಬಡ್ಡಿಸಮೇತ ವಾಪಸು ಕೊಟ್ಟಿತು ಅನ್ನಿ. ಆದರೆ ಆ ಕತೆಗೆ ಹೋಗಬೇಕಾದರೆ ಮೊದಲು ಅವಳ ಅತ್ತೆಯ ವಿಷಯ ಹೇಳಬೇಕು.

ಅತ್ತೆ ಭಾರೀ ಆಳು. ಮೈಯೂ ಭಾರೀ, ನಗುವೂ ಭಾರೀ. ಮಂಡಿನೋವು ಬಂದಮೇಲೆ ಮೆಟ್ಟಿಲಿಳಿಯುವುದು ಬಿಟ್ಟಿದ್ದರು, ಬೀದಿಯನ್ನು ಮಾತ್ರ ಬಿಟ್ಟಿರಲಿಲ್ಲ. ಮೇಲಿನ ಕೋಣೆಗೆ ಅಂಟಿಕೊಂಡು ಒಂದು ಪುಟ್ಟ ಬಾಲ್ಕನಿ, ಅದರಲ್ಲೊಂದು ಕುರ್ಚಿ. ಬೆಳಿಗ್ಗೆ ಅಲ್ಲಿ ಕೂತರೆಂದರೆ ಎದುರಿನ ದರ್ಜಿಗೆ ಗುಂಡಿ ಎಲ್ಲಿ ಹಾಕಬೇಕೆಂದು ಹೇಳಿಕೊಡುವುದು, ತರಕಾರಿ ಗಾಡಿಯವಳ ಹತ್ತಿರ ಮೇಲಿನಿಂದಲೇ ಚೌಕಾಸಿ, ಶಾಲೆಗೆ ತಡವಾಗಿ ಓಡುವ ಮಕ್ಕಳಿಗೆ ಮೇಲಿನಿಂದಲೇ ಬೈಗುಳ. ಬೀದಿಯವರೂ ಹಾಗೇ, ಮೇಲೆ ನೋಡದೆ ಮುಂದೆ ಹೋಗುತ್ತಿರಲಿಲ್ಲ.

ಒಂದು ದಿನ ಆ ಕುರ್ಚಿ ಮುರಿಯಿತು. ಭಾವನೇ ಯಾವುದೋ ಹಗುರ ಮರದ ಉಳಿಕೆಯಲ್ಲಿ ಅವಸರದಲ್ಲಿ ಮಾಡಿಕೊಟ್ಟಿದ್ದ ಕುರ್ಚಿ ಅದು. ಒಳಗಿನ ಜೋಡಣೆ ಸಡಿಲಾಗಿದ್ದು ಹೊರಗೆ ಗೊತ್ತಾಗಿರಲಿಲ್ಲ. ಅತ್ತೆ ಇಡೀ ಬೀದಿಯ ಕಣ್ಣೆದುರೇ ದೊಪ್ಪನೆ ಬಿದ್ದರು. ಪುಣ್ಯಕ್ಕೆ ಮೂಳೆಗೇನೂ ಆಗಲಿಲ್ಲ. ಬೀದಿ ನಕ್ಕಿತು, ಎಲ್ಲರಿಗಿಂತ ಜೋರಾಗಿ ಅತ್ತೆಯೇ ನಕ್ಕರು. ಮಾರನೆಯ ದಿನದಿಂದ ಅವರು ಬಾಲ್ಕನಿಗೆ ಹೋಗಲಿಲ್ಲ. ಮಂಚ ಬಿಟ್ಟು ಬೇರೆಲ್ಲೂ ಕೂರಲಿಲ್ಲ, ಆ ಮಂಚವೋ ಬಾಲ್ಕನಿಯಲ್ಲಿ ಹಿಡಿಸುವಂಥದ್ದಲ್ಲ. ಭಾವ ಇನ್ನೊಂದು ಕುರ್ಚಿ ಮಾಡಿ ತಂದ. ಅತ್ತೆ ಅದನ್ನು ಮುಟ್ಟಲೂ ಇಲ್ಲ.

"ಕುರ್ಚಿದು ತಪ್ಪಲ್ಲಪ್ಪ, ನನ್ನ ಮೈದು," ಎಂದರು. "ಯಾವ ಕುರ್ಚಿ ಒಳಗೆ ಏನಿದೆಯೋ ಯಾರಿಗೆ ಗೊತ್ತು. ಬಿಡು, ಮಂಚಾನೇ ನಂಗೆ ಚೆನ್ನಾಗಿದೆ."

ಚೆನ್ನಾಗಿರಲಿಲ್ಲ. ಅತ್ತೆ ದಿನವಿಡೀ ಗೋಡೆ ನೋಡುತ್ತ ಕೂತಿರುವುದನ್ನು ಸೊಸೆ ಮೇಲೆ ಬಂದಾಗಲೆಲ್ಲ ನೋಡುತ್ತಿದ್ದಳು. ಮೊದಮೊದಲು ಸ್ಪಿರಿಟ್ ವಾಸನೆಗೆ ತಲೆ ಸುತ್ತುತ್ತಿದ್ದಾಗ ಇವಳ ಬಟ್ಟೆ ತಾವೇ ಒಗೆದುಹಾಕಿದ ಅತ್ತೆ ಅದು. ಆ ನಗು ಮತ್ತೆ ಬೀದಿಗೆ ಕೇಳಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಅದೇ ಸಮಯಕ್ಕೆ ಗಂಡ ಒಂದು ಹಲಗೆ ತಂದ. ಹಳೇ ಬಟ್ಟೆ ಅಂಗಡಿಯೊಂದನ್ನು ಕಿತ್ತುಹಾಕುವಾಗ ಅವರು ಬೇಡವೆಂದು ಬಿಟ್ಟ ಗಲ್ಲಾದ ಹಲಗೆ. ಮೇಲೆ ಕಪ್ಪು ಜಿಡ್ಡು, ನೋಡಿದರೆ ಒಲೆಗೆ ಹಾಕುವ ಸೌದೆ. ಇಬ್ಬರು ಹಿಡಿದು ಇಳಿಸುವಾಗಲೇ ಭಾವನಿಗೆ ಅನುಮಾನ ಬಂತು. ಅಷ್ಟಗಲದ ತೇಗದ ಹಲಗೆಯಾಗಿದ್ದರೆ ಅವನೊಬ್ಬನೇ ಹೆಗಲಿಗೇರಿಸುತ್ತಿದ್ದ. ಪಾಲಿಷಮ್ಮ ಒಂದು ಮೂಲೆಯನ್ನು ಕೆರೆದು ಸ್ಪಿರಿಟ್ ಬಟ್ಟೆಯಿಂದ ಒರೆಸಿದಳು. ಬಟ್ಟೆ ನೇರಳೆಯಾಯಿತು.

"ಬೀಟೆ," ಎಂದಳು, ತವರಿನವರು ಬಾಗಿಲಿಗೆ ಬಂದವರ ಹಾಗೆ ಮುಖ ಅರಳಿಸಿ. "ಭಾವ, ಇದ್ರಲ್ಲಿ ಅತ್ತೆಗೆ ಕುರ್ಚಿ ನಾನು ಮಾಡ್ತೀನಿ."

ಭಾವ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಏನೂ ಬರೆಯದೆ ಮತ್ತೆ ಅಲ್ಲೇ ಸಿಕ್ಕಿಸಿದ. "ಕಲಿಯೋಕೆ ಬೀಟೆನೇ ಬೇಕಿತ್ತಾ? ಈಜು ಕಲಿಯೋರು ನೇರ ಸಮುದ್ರಕ್ಕೆ ಬೀಳ್ತಾರಾ?"

"ನಾನು ಬೀಳ್ತೀನಿ. ನೀವು ದಡದಲ್ಲಿ ನಿಂತ್ಕೊಳ್ಳಿ."

ನಿಂತುಕೊಂಡ, ಪಾಪ. ನಿಂತಲ್ಲೇ ಬೈದ, ಬೈಯುತ್ತಲೇ ಕಲಿಸಿದ. ಅವಳಿಗೆ ಬೀಟೆಯ ಮೈಬಣ್ಣ ಗೊತ್ತಿತ್ತೇ ಹೊರತು ಅದರ ಸ್ವಭಾವ ಗೊತ್ತಿರಲಿಲ್ಲ. ಗರಗಸ ಹಾಕಿದಾಗ ಕೋಣೆಯೆಲ್ಲ ಸಿಹಿ ಪರಿಮಳ, ಗುಲಾಬಿಯ ದೂರದ ನೆಂಟನಂಥದ್ದು. ಆ ಪರಿಮಳಕ್ಕೆ ಮರುಳಾಗಿ ಉಜ್ಜುಗೊರಡು ಎಳೆದಳು. ಒಂದು ಗೇಣು ಬೆಣ್ಣೆಯ ಹಾಗೆ ಸರಿಯಿತು, ಮುಂದಿನ ಗೇಣಿನಲ್ಲಿ ಸಿಬಿರು ಕಿತ್ತು ಬಂತು. ಬೀಟೆಯ ಎಳೆಗಳು ಒಂದೇ ಕಡೆ ಹರಿಯುವುದಿಲ್ಲ, ಒಂದರ ಮೇಲೊಂದು ದಿಕ್ಕು ಬದಲಿಸಿ ಹೆಣೆದುಕೊಂಡಿರುತ್ತವೆ. ಅದಕ್ಕೇ ಅದು ಸೀಳುವುದಿಲ್ಲ, ಅದಕ್ಕೇ ಹೊಸಬರನ್ನು ಅಳಿಸುತ್ತದೆ. ಉಳಿಯ ಬಾಯಿ ಬೆಳಿಗ್ಗೆ ಮಸೆದರೆ ಊಟದ ಹೊತ್ತಿಗೆ ಮೊಂಡು.

"ಜೋರು ಮಾಡಬೇಡ, ತೆಳುವಾಗಿ ತೆಗಿ," ಎನ್ನುತ್ತಿದ್ದ ಭಾವ. "ಅದಕ್ಕೂ ಹಠ ಇದೆ, ನಿಂಗೂ ಇದೆ. ಇಬ್ಬರಲ್ಲಿ ಒಬ್ಬರು ಸೋಲಬೇಕು. ಅದು ಸೋಲಲ್ಲ."

ಹಗಲು ಗಿರಾಕಿಗಳ ಪಾಲಿಷ್ ಕೆಲಸ, ಸಂಜೆ ಒಂದಿಷ್ಟು ಹೊತ್ತು ಕುರ್ಚಿ. ಅತ್ತೆಯ ಅಳತೆಯನ್ನು ಸೀರೆಯ ಸೆರಗಿನಲ್ಲಿ ಕದ್ದು ತೆಗೆದುಕೊಂಡು ಬಂದಿದ್ದಳು. ದಪ್ಪ ಕಾಲುಗಳು, ಅಗಲವಾದ ಕೂರುವ ಜಾಗ, ಕೈ ಊರಿ ಏಳಲು ಗಟ್ಟಿ ತೋಳುಗಳು. ಒಂದೊಂದು ಅಡ್ಡಪಟ್ಟಿಯ ತುದಿಯಲ್ಲೂ ಸಪೂರ ಕೆತ್ತಿ ಚಾಚಿಸಿದ ಒಂದು ನಾಲಿಗೆ, ಅದು ಕೂರಲು ಕಾಲಿನಲ್ಲೊಂದು ತೂತು. ಎರಡೂ ಕೂದಲೆಳೆ ಬಿಡದೆ ಕೂಡಬೇಕು. ಕೂಡಿಸಿ ನೋಡುವಳು, ಬಿಚ್ಚುವಳು, ಒಂದು ಉಸಿರಿನಷ್ಟು ಕೆರೆಯುವಳು, ಮತ್ತೆ ಕೂಡಿಸುವಳು. ಕೊನೆಗೆ ಭಾವನೇ ಒಂದು ಜೋಡಣೆಯನ್ನು ತಿರುವಿ ತಿರುವಿ ನೋಡಿ, ತಪ್ಪು ಸಿಗದೆ, ಟೀ ತರುತ್ತೇನೆಂದು ಎದ್ದುಹೋದ. ಅವನ ಬಾಯಿಂದ ಬರಬಹುದಾದ ಹೊಗಳಿಕೆ ಅಷ್ಟೇ.

ಇನ್ನು ಅಂಟು ಹಚ್ಚಿ ಕೂಡಿಸುವುದೊಂದೇ ಬಾಕಿ. ಭಾವನಿಗೆ ಎರಡು ದಿನ ಹೊರಗೆ ಬಾಗಿಲು ಕೂರಿಸುವ ಕೆಲಸವಿತ್ತು. ಬಂದಮೇಲೆ ಮಾಡೋಣ ಎಂದು ಹೋದ. ಆ ಎರಡು ದಿನ ಪಾಲಿಷಮ್ಮನ ಕೈ ಸುಮ್ಮನಿರಬೇಕಲ್ಲ.

ಭಾವ ವಾಪಸು ಬಂದು ಅಂಟಿನ ಡಬ್ಬಿ ತೆರೆದು ಮೊದಲ ಪಟ್ಟಿ ಕೈಗೆತ್ತಿಕೊಂಡ. ಬೆಳಕಿಗೆ ಹಿಡಿದ. ನಾಲಿಗೆ ಫಳಫಳ ಹೊಳೆಯಿತು. ಎರಡನೆಯದು ತೆಗೆದ, ಅದೂ ಹೊಳೆಯಿತು. ಕಾಲನ್ನು ಎತ್ತಿ ತೂತಿನೊಳಗೆ ಇಣುಕಿದ. ಒಳಗೂ ಹೊಳಪು.

"ಇದೇನಮ್ಮ ಇದು?"

"ಪಾಲಿಷ್ ಭಾವ. ಕೂಡಿಸಿದ ಮೇಲೆ ಒಳಗೆ ಕೈ ಹೋಗಲ್ಲ ಅಂತ ಮೊದಲೇ..."

ಹೇಳುತ್ತ ಹೇಳುತ್ತಲೇ ಅವಳಿಗೆ ತಪ್ಪು ಹೊಳೆಯಿತು. ಬೀಟೆ ಮೊದಲೇ ಎಣ್ಣೆಮೈಯ ಮರ, ಅಂಟಿಗೆ ಸುಲಭಕ್ಕೆ ಒಗ್ಗುವುದಿಲ್ಲ. ಅದರ ಮೇಲೆ ಇವಳು ಅರಗಿನ ಪೊರೆ ಬೇರೆ ಹೊದಿಸಿದ್ದಾಳೆ. ಕೆರೆದು ತೆಗೆದರೆ ಕೂದಲೆಳೆಯ ಲೆಕ್ಕದಲ್ಲಿ ಕೂಡಿದ ಜೋಡಣೆಯೆಲ್ಲ ಸಡಿಲ. ಸಡಿಲ ಜೋಡಣೆಯ ಕುರ್ಚಿಯಲ್ಲಿ ಅತ್ತೆಯನ್ನು ಇನ್ನೊಂದು ಸಲ ಕೂರಿಸುವುದೇ? ಅವಳಿಗೆ ಅಳುವೇ ಬಂತು.

ಭಾವ ನಕ್ಕ. ನಗುತ್ತ ನಗುತ್ತ ಮರದ ಪುಡಿಯ ರಾಶಿಯ ಮೇಲೇ ಕೂತುಬಿಟ್ಟ. "ಅಂಟು ಹಿಡಿಯೋಕೆ ಮರ ಕೊಡು ಅಂದ್ರೆ ಕನ್ನಡಿ ಕೊಟ್ಟಿದೀಯಲ್ಲಮ್ಮ. ನಲವತ್ತು ವರ್ಷದಲ್ಲಿ ಯಾವ ಬಡಗೀನೂ ಮಾಡದೆ ಇರೋ ತಪ್ಪು ಇದು. ಮಾಡಬೇಕು ಅಂದ್ರೂ ಬರಲ್ಲ ನಮಗೆ."

"ನಗಬೇಡಿ ಭಾವ," ಎಂದಳು ಮೂಗು ಒರೆಸಿಕೊಳ್ಳುತ್ತ. ಮೂಗೂ ನೇರಳೆಯಾಯಿತು. "ದೊಡ್ಡ ಬಾಗಿಲಿಗೆ ನೀವು ಗೂಟ ಹೊಡೀತೀರಲ್ಲ. ಅದಕ್ಕೆ ಅಂಟು ಬೇಕಾ?"

ಭಾವನ ನಗು ನಿಂತಿತು. ಬೇಕಿಲ್ಲ. ಕಾಲಿಗೂ ಒಳಗಿನ ನಾಲಿಗೆಗೂ ಅಡ್ಡಲಾಗಿ ತೂತು ಕೊರೆದು ಗೂಟ ಹೊಡೆದರೆ ಸಾಕು. ನಾಲಿಗೆಯ ತೂತನ್ನು ಕಾಲಿನ ತೂತಿಗೆ ನೇರವಾಗದಂತೆ ಇಷ್ಟೇ ಇಷ್ಟು ಸರಿಸಿ ಕೊರೆಯಬೇಕು. ಆಗ ಗೂಟ ನೇರ ಹೋಗಲಾರದೆ ಒಳನುಗ್ಗುವಾಗ ಪಟ್ಟಿಯನ್ನು ತಾನೇ ಎಳೆದು ಬಿಗಿಯುತ್ತದೆ. ಮೆತ್ತನೆ ಮರವಾದರೆ ಆ ಎಳೆತಕ್ಕೆ ಜಗ್ಗಿಹೋದೀತು. ಬೀಟೆ ಜಗ್ಗುವ ಜಾತಿಯಲ್ಲ. ಉಳಿದ ಚೂರುಗಳಲ್ಲೇ ಗೂಟ ಕೆತ್ತಿದರು. ಕೂಡಿಸಿದ ಮೇಲೆ ಭಾವ ಕೂತ, ಗಂಡ ಭಾವನ ತೊಡೆಯ ಮೇಲೆ ಕೂತ, ಕುರ್ಚಿ ಕಿರ್ ಅನ್ನಲಿಲ್ಲ. ಪಾಲಿಷಮ್ಮ ಆ ಗೂಟಗಳಿಗೂ ಪಾಲಿಷ್ ಹಾಕಿಯೇ ಹಾಕಿದಳು, ಈ ಸಲ ತಲೆಗೆ ಮಾತ್ರ.

ಮಾರನೆಯ ದಿನ ಅಣ್ಣತಮ್ಮ ಇಬ್ಬರೂ ಏದುಸಿರು ಬಿಡುತ್ತ ಕುರ್ಚಿ ಹೊತ್ತು ಮೆಟ್ಟಿಲು ಹತ್ತಿದರು. ತಿರುವಿನಲ್ಲಿ ಸಿಕ್ಕಿಕೊಂಡಿತು. ಓರೆ ಮಾಡಿದರು, ತಲೆಕೆಳಗು ಮಾಡಿದರು, ಗೋಡೆಯ ಸುಣ್ಣ ಉದುರಿತೇ ಹೊರತು ಕುರ್ಚಿ ಮೇಲೇರಲಿಲ್ಲ. ಊರಿನ ಬಾಗಿಲುಗಳನ್ನೆಲ್ಲ ಅಳೆದ ಭಾವ ತನ್ನ ಮನೆಯ ಮೆಟ್ಟಿಲನ್ನೇ ಅಳೆದಿರಲಿಲ್ಲ.

"ಏನ್ರೋ ಅದು, ಆನೆ ಹತ್ತಿಸ್ತಿದೀರಾ?" ಮೇಲಿನಿಂದ ಅತ್ತೆ ಕೂಗಿದರು.

ಪಾಲಿಷಮ್ಮ ಕೆಳಗಿನಿಂದ ಹೇಳಿದಳು, "ಬಿಚ್ಚಿ. ಅಂಟಿಲ್ವಲ್ಲ." ಭಾವ ಅವಳ ಮುಖ ನೋಡಿದ, ಸುತ್ತಿಗೆ ತೆಗೆದು ಗೂಟಗಳನ್ನು ಹಿಂದಿನಿಂದ ಬಡಿದು ಬಿಡಿಸಿದ.

ಹೀಗೆ ಕುರ್ಚಿ ಅತ್ತೆಯ ಕೋಣೆಗೆ ತುಂಡು ತುಂಡಾಗಿ ಬಂತು. ಅತ್ತೆ ಮಂಚದ ಮೇಲೆ ಕೂತು ಅನುಮಾನದಿಂದ ನೋಡುತ್ತಿದ್ದರು. ಪಾಲಿಷಮ್ಮ ನೆಲದ ಮೇಲೆ ಕೂತು ಗೂಟಗಳನ್ನೆಲ್ಲ ಅತ್ತೆಯ ಮಡಿಲಿಗೆ ಸುರಿದಳು. "ಇವು ನಿಮ್ಮ ಹತ್ರ ಇರ್ಲಿ ಅತ್ತೆ, ಕೇಳಿದಾಗ ಒಂದೊಂದೇ ಕೊಡಿ."

ಅತ್ತೆ ಒಂದನ್ನು ಎತ್ತಿ ಮೂಸಿದರು, ಹಲ್ಲಿನಲ್ಲಿ ಕಚ್ಚಿ ನೋಡಿದರು. "ಕಬ್ಬಿಣ ಇದ್ದ ಹಾಗಿದೆಯಲ್ಲೇ. ಆ ಪಟ್ಟಿಗಳ ನಾಲಿಗೆಗೂ ಪಾಲಿಷ್ ಹೊಡೆದಿದೀಯ?"

"ತಪ್ಪಾಗಿ ಹೊಡೆದೆ ಅತ್ತೆ. ಅಂಟು ಕೂರಲಿಲ್ಲ. ಅದಕ್ಕೇ ಈ ಗೂಟ."

ಅತ್ತೆಯ ಹೊಟ್ಟೆ ಕುಲುಕತೊಡಗಿತು, ಮಡಿಲಿನ ಗೂಟಗಳೂ ಕುಲುಕಿದವು. ನಗುತ್ತಲೇ ಅವರು ಒಂದೊಂದಾಗಿ ಕೊಟ್ಟರು. ನಾಲಿಗೆ ಒಳಗೆ ಹೋಗುವುದನ್ನು, ಸುತ್ತಿಗೆ ಬಿದ್ದಂತೆ ಸಂದು ಮುಚ್ಚಿಕೊಂಡು ಗೆರೆಯೂ ಕಾಣದಂತಾಗುವುದನ್ನು ಕಣ್ಣು ಕಿರಿದು ಮಾಡಿ ನೋಡಿದರು. ಒಂದೆರಡು ಕಡೆ "ಇನ್ನೊಂದೇಟು ಹಾಕು" ಎಂದು ಹಾಕಿಸಿದರು. ಕೊನೆಯ ಗೂಟವನ್ನು ಮಾತ್ರ ಮುಷ್ಟಿಯಲ್ಲೇ ಹಿಡಿದುಕೊಂಡರು.

"ಕೊಡಿ ಅತ್ತೆ."

"ಸುತ್ತಿಗೆ ಇಲ್ಲಿ ಕೊಡು."

ಮಂಚದ ಅಂಚಿಗೆ ಬಂದು, ಗೂಟವನ್ನು ತೂತಿಗಿಟ್ಟು, ಅತ್ತೆ ತಾವೇ ಹೊಡೆದರು. ಕಿಟಕಿಯ ಗಾಜು ಅದುರಿತು. ಗೂಟ ತಲೆಯವರೆಗೂ ಇಳಿಯಿತು. ಆಮೇಲೆ ಗಂಡಸರಿಬ್ಬರೂ ಕುರ್ಚಿಯನ್ನು ಬಾಲ್ಕನಿಗೆ ತಳ್ಳಿ ಪಕ್ಕಕ್ಕೆ ಸರಿದರು. ಅತ್ತೆ ಸೊಸೆಯ ಹೆಗಲು ಹಿಡಿದು ನಡೆದು, ಕುರ್ಚಿಯ ತೋಳುಗಳ ಮೇಲೆ ಕೈಯೂರಿ ನಿಂತರು.

"ಒಳಗೇನಿದೆ ಅಂತ ಎಲ್ಲಾ ನೋಡಿದೀನಲ್ಲ," ಎಂದರು ಅತ್ತೆ, ತಮಗೆ ತಾವೇ ಹೇಳಿಕೊಂಡಂತೆ. ಕೂತರು. ಮೈಯ ಭಾರವನ್ನೆಲ್ಲ ಬಿಟ್ಟು ಹಿಂದಕ್ಕೊರಗಿದರು.

ಕೆಳಗೆ ದರ್ಜಿ ಮಿಷನ್ ನಿಲ್ಲಿಸಿ ಮೇಲೆ ನೋಡಿದ. ತರಕಾರಿ ಗಾಡಿಯವಳೂ ನಿಂತಳು. "ಏನಜ್ಜಿ, ಹೊಸ ಕುರ್ಚಿ? ಇದಾದ್ರೂ ತಡೆಯುತ್ತಾ?"

"ಇದು ನಾನೂ ನನ್ನ ಸೊಸೆಯೂ ಮಾಡಿದ್ದು ಕಣೇ," ಎಂದು ಅತ್ತೆ ಬೀದಿಗೆಲ್ಲ ಕೇಳುವಂತೆ ಕೂಗಿದರು. "ಟೊಮೇಟೊ ಹೇಗೆ ಕೊಟ್ಟೆ, ಅದು ಹೇಳು ಮೊದಲು."