ನಿಂಬೆಹಣ್ಣಿನ ದಾರ

ಅವಮಾನವನ್ನು ಮರೆಯುವ ದೊಡ್ಡತನ ನನಗಿಲ್ಲ, ಬೇಕಾಗಿಯೂ ಇಲ್ಲ.

ಹಾಸನದ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದಾಗ ರಾಮನಾಥಪುರದ ಗೌಡರೊಬ್ಬರ ಪಿಕಪ್ ಬರುತ್ತಿತ್ತು. ಹೊಗೆಸೊಪ್ಪಿನ ಬೇಲು ಹೇರಿ ದಿಬ್ಬ ಹತ್ತುವಾಗ ಇಂಜಿನ್ ಲೈಟು ಹೊತ್ತಿಕೊಂಡು ಗಾಡಿಗೆ ಎಳೆತವೇ ಇಲ್ಲದಂತಾಗುವುದು. ಸ್ಕ್ಯಾನರ್ ಹಾಕಿದರೆ ಒಂದೇ ಕೋಡ್: ಟರ್ಬೊ ಗಾಳಿಯ ಒತ್ತಡ ಅಳೆಯುವ ಸೆನ್ಸರಿನಿಂದ ಸಿಗ್ನಲ್ ಬರುತ್ತಿಲ್ಲ. ಹೊಸ ಸೆನ್ಸರ್ ಹಾಕಿದೆ. ಕೆಲವು ದಿನ ಸರಿ, ಮತ್ತೆ ಅದೇ ಲೈಟು. ಗೌಡರು ರೇಗಿದಾಗ ಗ್ಯಾರೇಜಿನ ಮೇಸ್ತ್ರಿ ಗಿರಾಕಿಗಳೆಲ್ಲರ ಎದುರು ನನ್ನತ್ತ ಬೆರಳು ತೋರಿಸಿದ.

“ಈ ನನ್ಮಗ ವೈರು ಕಿತ್ತಿಕ್ಕವ್ನೆ ಕಣಣ್ಣ. ಗಾಡಿ ತಿರ್ಗ ತಿರ್ಗ ಬರ್ಲಿ ಅಂತ.”

ಅವತ್ತೇ ಹೊರಗೆ ಹಾಕಿದ. ಅರಕಲಗೂಡಿನಲ್ಲಿ ಕೆಲಸ ಕೇಳಿದೆ, ಚನ್ನರಾಯಪಟ್ಟಣದಲ್ಲಿ ಕೇಳಿದೆ. ವೈರು ಕೀಳುವವನು ಎಂಬ ಹೆಸರು ನನಗಿಂತ ಮೊದಲೇ ಬಸ್ಸು ಹತ್ತಿ ಹೋಗಿತ್ತು. ಕೊನೆಗೆ ಹೊಳೆನರಸೀಪುರದಲ್ಲಿ ಸ್ವಂತ ಶೆಡ್ ಹಾಕಿದೆ. ಬಂದ ನಾಲ್ಕಾರು ಗಿರಾಕಿಗಳೂ ಎಲ್ಲಿ ವೈರು ಕೀಳುತ್ತೇನೋ ಎಂದು ಕದಲದೆ ನನ್ನ ಕೈಯನ್ನೇ ಕಾಯುತ್ತ ನಿಲ್ಲುತ್ತಿದ್ದರು. ಆ ಮೇಸ್ತ್ರಿಯ ಮನೆ ಹಾಳಾಗ ಎಂದು ದಿನಾ ಮನಸಾರೆ ಶಪಿಸುತ್ತಿದ್ದೆ.

ಒಂದು ಅಮಾವಾಸ್ಯೆಯ ಬೆಳಿಗ್ಗೆ ಅದೇ ಪಿಕಪ್ ತೆವಳಿಕೊಂಡು ಬಂದು ನನ್ನ ಶೆಡ್ಡಿನ ಮುಂದೆ ನಿಂತಿತು. ಗೌಡರು ಇಳಿದರು, ನನ್ನ ಮುಖ ನೋಡಿ ಮತ್ತೆ ಹತ್ತಲು ಹೋದರು.

“ಬನ್ನಿ ಗೌಡ್ರೇ,” ಅಂದೆ. “ಕಿತ್ತೋನೇ ನೋಡ್ತೀನಿ.”

ಅದೇ ಕೋಡ್. ಈ ಸಲ ಸೆನ್ಸರನ್ನು ಬಿಟ್ಟು ಅದರ ವೈರಿನ ಬೆನ್ನು ಹತ್ತಿದೆ. ಗ್ರಿಲ್ಲಿನ ಹಿಂದೆ, ಆ ವೈರಿಗೇ ದೃಷ್ಟಿಯ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿತ್ತು. ದೃಷ್ಟಿಗೆ ಕಟ್ಟಿದ್ದನ್ನು ನಮ್ಮ ಕಡೆ ಯಾವ ಮೆಕ್ಯಾನಿಕ್ಕೂ ಮುಟ್ಟುವುದಿಲ್ಲ, ಅದರ ಪಕ್ಕದಲ್ಲೇ ಕೈ ತೂರಿಸಿ ಕೆಲಸ ಮಾಡುತ್ತಾನೆ. ಅವತ್ತು ನಾನು ಮುಟ್ಟಿದೆ. ಚುಚ್ಚಿದ ಹಣ್ಣಿನ ರಸ ದಾರದ ಮೇಲಿಂದ ಇಳಿದು ಸೆನ್ಸರಿನ ಸಾಕೆಟ್ಟಿನೊಳಗೆ ಸೇರಿತ್ತು. ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು.

“ಇದನ್ನ ಕಟ್ಟೋರ್ಯಾರು?” ಗೊತ್ತಿದ್ದೂ ಕೇಳಿದೆ.

“ನಿಮ್ ಮೇಸ್ತ್ರಿನೇ. ಅಮಾಸೆ ಅಮಾಸೆಗೂ. ಇನ್ಯಾರ್ ಕೈಲೂ ಕಟ್ಸಕ್ಕಿಲ್ಲ ಅವ್ನು.” ಗೌಡರಿಗೆ ಅರ್ಥವಾಯಿತು. ದನಿ ಇಳಿಸಿದರು. “ಉಜ್ಜಿ ಕೊಟ್ಬುಡಪ್ಪ, ಓಯ್ತೀನಿ.”

“ಉಜ್ಜಲ್ಲ. ಇಂಗೇ ಆಸನಕ್ಕೆ ಓಗಾಣ. ಅವತ್ತು ನೀವೂ ನಂಬುದ್ರಿ, ಊರ್ ತುಂಬಾ ಏಳ್ಕಂಡ್ ಬಂದ್ರಿ. ಇವತ್ತು ನನ್ ಜೊತ್ಗೆ ನಿಂತ್ಕಳಿ.”

ಗೌಡರು ಗಾಡಿಯ ಬೀಗದ ಕೈ ಕೊಟ್ಟರು.

ಹಾಸನದ ಗ್ಯಾರೇಜಿನ ಮುಂದೆ ನಿಂಬೆಹಣ್ಣು ಕಟ್ಟಿಸಿಕೊಳ್ಳಲು ಗಾಡಿಗಳು ಸಾಲುಗಟ್ಟಿದ್ದವು. ನನಗೆ ಬೇಕಾಗಿದ್ದದ್ದೂ ಅದೇ. ಸ್ಕ್ಯಾನರ್ ಸಿಕ್ಕಿಸಿ ಮೇಸ್ತ್ರಿಯ ಕೈಗೆ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಓದಿ ಅಂದೆ. ಓದಿದ. ನಾನೇ ದಾರ ಕತ್ತರಿಸಿ, ಸಾಕೆಟ್ ಬಿಚ್ಚಿ, ಬಗ್ಗಿ ನೋಡಿ ಅಂದೆ. ಬಗ್ಗಿದ. ಅವನ ಇನ್ನೊಂದು ಕೈಯಲ್ಲಿ ದಾರ ಪೋಣಿಸಿದ ಹೊಸ ನಿಂಬೆಹಣ್ಣು ಹಾಗೇ ಇತ್ತು.

“ವೈರು ಕೆಡ್ಸಿದ್ಯಾರು ಮೇಸ್ತ್ರಿ?”

“ಆಯ್ತು ಬಿಡ್ಲಾ. ಒಳೀಕ್ ಬಾ, ಕಾಫಿ ಕುಡಿಯಾಣ.”

“ಅವತ್ತು ಒಳೀಕ್ ಕರ್ದು ಬೈದ್ರಾ?”

ಗೌಡರು ನನ್ನ ಪಕ್ಕಕ್ಕೆ ಬಂದು ನಿಂತರು. “ನಿಜ ಏಳಪ್ಪ, ನಾವೂ ಕೇಳ್ಬೇಕು.”

“ಇವ್ನಲ್ಲ,” ಎಂದು ಮೇಸ್ತ್ರಿ ಗೊಣಗಿದ. “ನಾನ್ ಕಟ್ಟಿದ್ರಿಂದ್ಲೇ ಕೆಟ್ಟಿರೋದು.”

“ಕೇಳುಸ್ನಿಲ್ಲ.”

ಜೋರಾಗಿ ಹೇಳಿದ. ನನಗೆ ಅಯ್ಯೋ ಅನ್ನಿಸಲಿಲ್ಲ, ಹೊಟ್ಟೆ ತಣ್ಣಗಾಯಿತು.

ಸಾಲಿನ ಮೊದಲ ಗಾಡಿಯವನು ಬಾನೆಟ್ ಎತ್ತಿ ನನ್ನತ್ತ ತಿರುಗಿದ. “ಅಣ್ಣ, ನಂದೂ ಒಸಿ ನೋಡು,” ಎಂದು ಹೇಳಿ ಟೀ ಕುಡಿಯಲು ಎದುರಿನ ಅಂಗಡಿಗೆ ಹೊರಟುಹೋದ. ಮೇಸ್ತ್ರಿ ನೋಡುತ್ತಿದ್ದಂತೆಯೇ ನಾನು ಇಂಜಿನ್ನಿನೊಳಗೆ ಕೈ ಹಾಕಿದೆ. ಪಕ್ಕದಲ್ಲಿ ನಿಂತು ನನ್ನ ಕೈ ಕಾಯುವವರು ಯಾರೂ ಇರಲಿಲ್ಲ.